ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

ತಪ್ಪು ನನ್ನದೇ. ಸುರಪುರದ ಬಾಡಿಗೆ ಮನೆ ಬಿಟ್ಟು ಶಹಾಪುರಕ್ಕೆ ಬಂದಾಗ ವಿಳಾಸ ಬದಲಾಗಿದೆ ಎಂದು ಪೊಲೀಸ್ ಕಚೇರಿಗೆ ತಿಳಿಸಬೇಕಿತ್ತು. ನನ್ನ ಸಲುವಾಗಿ ಅಲ್ಲ, ನನ್ನ ಹೆಂಡತಿಯ ಸಲುವಾಗಿ. ಅವಳು ಫಿಲಿಪೈನ್ಸ್ ದೇಶದವಳು. ವಿದೇಶದವರು ಮನೆ ಬದಲಿಸಿದರೆ ಹೇಳಲೇಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ನನ್ನ ಹೆಸರಿನಲ್ಲೇ ಲ್ಯಾಬ್ ಶುರು ಮಾಡುವ ಗಡಿಬಿಡಿಯಲ್ಲಿ ನಾಳೆ, ನಾಡಿದ್ದು ಎಂದು ತಳ್ಳುತ್ತ ಹೋದೆ. ಅವಳ ವೀಸಾ ಮುಂದುವರಿಸಲು ಅರ್ಜಿ ಹಾಕಿದಾಗ ವಿಚಾರಣೆಗೆ ಬಂದವರು ಸುರಪುರದ ಹಳೆಯ ಮನೆಗೆ ಹೋದರು. ಬಾಗಿಲಿಗೆ ಬೀಗ. ಹೇಳಿದ ವಿಳಾಸದಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ ಎಂದು ಬರೆದು ಕಳಿಸಿದರು. ಅವರು ಬರೆದದ್ದು ಸುಳ್ಳಲ್ಲ.

ಸ್ವಲ್ಪ ದಿನಕ್ಕೆ ಯಾದಗಿರಿಯ ಜಿಲ್ಲಾ ಪೊಲೀಸ್ ಕಚೇರಿಯಿಂದ ಹಳೆಯ ವಿಳಾಸಕ್ಕೇ ಪತ್ರ ಬಂತು; ಗುರುತಿದ್ದ ಅಂಚೆಯವನು ಅದನ್ನು ಶಹಾಪುರಕ್ಕೆ ಕಳಿಸಿಕೊಟ್ಟ. ಇಬ್ಬರೂ ಮೂಲ ಕಾಗದಪತ್ರಗಳೊಂದಿಗೆ ಸಂದರ್ಶನಕ್ಕೆ ಹಾಜರಾಗಬೇಕು, ಮದುವೆ ನಿಜವೇ, ಒಟ್ಟಿಗೆ ಬಾಳುತ್ತಿದ್ದೀರೇ ಎಂದು ಪರಿಶೀಲಿಸಬೇಕಾಗಿದೆ ಎಂದಿತ್ತು. ಅಲ್ಲಿ ಅವರಿಗೆ ಸಮಾಧಾನ ಆಗದಿದ್ದರೆ ವೀಸಾ ಮುಂದುವರಿಯುವುದಿಲ್ಲ. ಅವಳು ದೇಶ ಬಿಡಬೇಕು. ನಾನು ರಕ್ತ ಪರೀಕ್ಷೆ ಮಾಡುವವನು. ದಿನಾ ಮಂದಿಗೆ ರಿಪೋರ್ಟ್ ಕೊಡುವಾಗ ‘ಅಂಜಬ್ಯಾಡ್ರಿ, ಏನಾಗಂಗಿಲ್ಲ’ ಎಂದು ಧೈರ್ಯ ಹೇಳುವ ಬಾಯಿ ಇದು. ಅವತ್ತು ನನಗೇ ಹೇಳಿಕೊಳ್ಳಲು ಆ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ನಾವು ಭೇಟಿಯಾದದ್ದು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ. ಅವಳು ನರ್ಸ್, ನಾನು ಲ್ಯಾಬಿನವ. ವರಾಂಡದ ಆ ತುದಿಯಲ್ಲಿ ನಿಂತು ಅವಳು ನನ್ನ ಹೆಸರನ್ನು ಅರ್ಧಕ್ಕೇ ಮುರಿದು ಕೂಗುತ್ತಿದ್ದಳು. ಮದುವೆಯಾಗಿ ಊರಿಗೆ ಬಂದ ಮೇಲೆ ನನ್ನ ಅವ್ವನಿಂದ ಕನ್ನಡ ಕಲಿತಳು. ಅದು ಪುಸ್ತಕದ ಕನ್ನಡವಲ್ಲ, ಅವ್ವನ ಸುರಪುರದ ಕನ್ನಡ. ಹುಳಿ ಸೊಪ್ಪಿನ ಪುಂಡಿಪಲ್ಯ ಅವಳಿಗೆ ತನ್ನ ಊರಿನ ಹುಳಿ ಸಾರನ್ನು ನೆನಪಿಸುತ್ತದಂತೆ. ನಾವು ರೊಟ್ಟಿಗೆ ಹಚ್ಚಿಕೊಳ್ಳುವುದನ್ನು ಅವಳು ಅನ್ನಕ್ಕೆ ಕಲಸಿ ಉಣ್ಣುತ್ತಾಳೆ. ಐದು ವರ್ಷದಲ್ಲಿ ಅವಳು ಹೊರಗಿನವಳೆಂಬುದನ್ನು ನಾನು ಮರೆತೇ ಬಿಟ್ಟಿದ್ದೆ. ಸರ್ಕಾರ ಮರೆತಿರಲಿಲ್ಲ.

ಸಂದರ್ಶನಕ್ಕೆ ಹನ್ನೆರಡು ದಿನ ಬಾಕಿ ಇತ್ತು. ಮೊಬೈಲಿನಲ್ಲಿ ಹುಡುಕಿ ಪ್ರಶ್ನೆಗಳ ಪಟ್ಟಿ ಮಾಡಿದೆ. ಯಾವ ದೇಶದ ಯಾವ ಕಚೇರಿಯಲ್ಲಿ ಯಾರಿಗೆ ಕೇಳಿದ್ದೋ, ಎಲ್ಲವನ್ನೂ ತಂದು ಗುಡ್ಡೆ ಹಾಕಿದೆ. ಗಂಡ ಮಂಚದ ಯಾವ ಮಗ್ಗುಲಿಗೆ ಮಲಗುತ್ತಾನೆ, ಅವನ ಹಲ್ಲುಜ್ಜುವ ಬ್ರಷ್ ಯಾವ ಬಣ್ಣ, ಅತ್ತೆ ಮುಂಜಾನೆ ಯಾವ ಗುಳಿಗೆ ನುಂಗುತ್ತಾಳೆ, ಮದುವೆ ದಿನ ಮಳೆ ಬಂದಿತ್ತೇ. ‘ಗಂಡನ ಹೆಸರೇನು’ ಎಂಬುದು ಮೊದಲನೆಯ ಪ್ರಶ್ನೆಯಾಗಿತ್ತು. ಅದನ್ನು ತಪ್ಪುವವರು ಯಾರು ಎಂದು ಗೆರೆ ಎಳೆದು ಹೊಡೆದು ಹಾಕಿದೆ.

ದಿನಾ ಸಂಜೆ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ನಾನು ಸಾಹೇಬನಾಗಿ ಕೂಡುತ್ತಿದ್ದೆ.

“ನಿಮ್ಮ ಮನಿಯಿಂದ ಏನ್ ಕಾಣ್ತದ?”

“ಬುದ್ಧ ಮಲಗ್ಯಾನ್ರಿ.”

“ಹಾಂಗಂದ್ರ ಅವ್ರಿಗೆ ಹ್ಯಾಂಗ್ ತಿಳೀಬೇಕು? ಗುಡ್ಡ ಅನ್ನು. ಮಲಗಿದ ಬುದ್ಧನಂಗ ಕಾಣೋ ಗುಡ್ಡ ಅನ್ನು.”

“ಗುಡ್ಡ ಮಲಗ್ಯದ್ರಿ.”

ಜ್ವಾಳ ಹಸನು ಮಾಡುತ್ತ ಕೂತಿದ್ದ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಮದುವೆ ನೋಂದಣಿಯ ತಾರೀಖನ್ನು ಅವಳು ಮೂರನೇ ಸಲ ತಪ್ಪು ಹೇಳಿದಾಗ ಪಟ್ಟಿಯನ್ನು ನೆಲಕ್ಕೆ ಎಸೆದೆ.

“ಹಿಂಗ ಮಾಡಿದ್ರ ನಿನ್ನ ಕಳಸ್ತಾರ. ತಿಳೀತದಿಲ್ಲೋ ನಿನಗ?”

ಅವಳು ಹಾಳೆಗಳನ್ನು ಆಯ್ದು ಜೋಡಿಸಿ ನನ್ನ ಕೈಗೆ ಕೊಟ್ಟಳು. “ಜೋರ್ ಮಾಡಬ್ಯಾಡ್ರಿ. ನಿಮ್ಮ ಎದಿಗೆ ಛಲೋ ಅಲ್ಲ.”

ಎರಡು ವರ್ಷದ ಹಿಂದೆ ನನಗೆ ಹೃದಯಾಘಾತವಾಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಎದ್ದು ಬಂದಿದ್ದೆ. ಆ ಮಾತು ತೆಗೆದರೆ ನನಗೆ ಇನ್ನಷ್ಟು ಸಿಟ್ಟು. ನನ್ನ ಎದೆಯ ಮಾತು ಪಟ್ಟಿಯಲ್ಲಿಲ್ಲ ಎಂದು ಬೈದು ಮುಂದಿನ ಪ್ರಶ್ನೆ ಕೇಳಿದೆ.

ಸಿಟ್ಟೆಲ್ಲ ಬರೀ ಅಂಜಿಕೆಯೇ. ಅಟ್ಟದ ಮೇಲಿದ್ದ ಅವಳ ಕೆಂಪು ಸೂಟ್‌ಕೇಸ್ ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅದು ಕಾಣದಿರಲೆಂದು ಮೇಲೊಂದು ಚಾದರ ಹೊದಿಸಿದೆ. ಮರುದಿನ ಅವಳು ಚಾದರ ಯಾಕೆ ಅಲ್ಲಿದೆ ಎಂದು ತೆಗೆದು ಒಗೆದು ಹಾಕಿದ್ದಳು. ಲ್ಯಾಬಿನಲ್ಲಿ ಒಬ್ಬರ ಹೆಸರಿನ ಚೀಟಿಯನ್ನು ಇನ್ನೊಬ್ಬರ ಸೀಸೆಗೆ ಅಂಟಿಸಿ, ಕೊನೆಯ ಗಳಿಗೆಯಲ್ಲಿ ನೋಡಿ ಬೆವೆತೆ. ಅಂಥ ತಪ್ಪು ನಾನು ಯಾವತ್ತೂ ಮಾಡಿದವನಲ್ಲ.

ಆ ದಿನ ಮುಂಜಾನೆಯ ಬಸ್ಸಿಗೆ ಹೊರಟೆವು. ಭೀಮಾ ನದಿಯ ಸೇತುವೆ ದಾಟುವಾಗ ಅವಳು ಕಣ್ಣು ಮುಚ್ಚಿ ತಾರೀಖುಗಳನ್ನು ಗುನುಗುತ್ತಿದ್ದಳು. ನಾನು ಕಡತವನ್ನು ಎದೆಗೆ ಒತ್ತಿಕೊಂಡಿದ್ದೆ.

ಕಚೇರಿಯಲ್ಲಿ ಕಡತ ತೆಗೆದುಕೊಂಡು ಮೊದಲು ಅವಳನ್ನೊಬ್ಬಳನ್ನೇ ಕರೆದರು. ಅಧಿಕಾರಿ ಮೈಸೂರು ಕಡೆಯ ಮಾತಿನವರು, ಹರೆಯದವರು. ಬಾಗಿಲ ಹತ್ತಿರ ನಮ್ಮ ಕಡೆಯವರೇ ಆದ, ವಯಸ್ಸಾದ ಮಹಿಳಾ ಪೇದೆಯೊಬ್ಬರು ನಿಂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲೆ ಕೂತ ನನಗೆ ಒಂದೊಂದು ಮಾತೂ ಕೇಳುತ್ತಿತ್ತು. ಮದುವೆಯ ತಾರೀಖು ಸರಿ ಹೇಳಿದಳು. ಮನೆ ಯಾಕೆ ಬದಲಿಸಿದಿರಿ ಎಂದರೆ ಅದಕ್ಕೂ ಹೇಳಿದಳು.

“ಸರಿ. ನಿಮ್ಮ ಗಂಡನ ಹೆಸರು?”

ನಾನು ಪಟ್ಟಿಯಿಂದ ಹೊಡೆದು ಹಾಕಿದ್ದ ಪ್ರಶ್ನೆ.

“ಕೇಳಿಸ್ತಾ? ಗಂಡನ ಹೆಸರೇನು?”

“ಕಾಗದದಾಗ ಅದ್ರಿ.”

“ಕಾಗದದಲ್ಲಿ ಇರೋದು ನಂಗೊತ್ತು. ನೀವು ಹೇಳಿ.”

ನಾನು ಬೆಂಚಿನಿಂದ ಅರ್ಧ ಎದ್ದು ಒಳಗೆ ಇಣುಕಿದೆ. ಆಮೇಲೆ ನನ್ನನ್ನು ಒಳಗೆ ಕರೆದರು.

“ಏನ್ರೀ ಇದು? ಬ್ರಷ್ ಬಣ್ಣ ನಾನು ಕೇಳದೇ ಇದ್ರೂ ಹೇಳಿದ್ರು. ಗಂಡನ ಹೆಸರು ಕೇಳಿದ್ರೆ ಬಾಯೇ ಬಿಡ್ತಿಲ್ಲ. ಯಾರು ಈ ಗಿಳಿಪಾಠ ಮಾಡಿಸಿದ್ದು?”

ಅಂಜಿಕೆಗೆ ಅವಳು ನನ್ನ ಹೆಸರನ್ನೇ ಮರೆತಿದ್ದಾಳೆ ಎಂದುಕೊಂಡೆ. ಕೆಂಪು ಸೂಟ್‌ಕೇಸ್ ಅಟ್ಟದಿಂದ ಇಳಿದದ್ದು ಕಣ್ಣಿಗೆ ಕಟ್ಟಿತು. ಎಲ್ಲಿದ್ದೇನೆ ಎಂಬುದೂ ನೆನಪಾಗದೆ ಕೂಗಿದೆ: “ಹೇಳು, ನನ್ನ ಹೆಸರು ಹೇಳು.”

ಅವಳು ನನ್ನ ಮುಖ ನೋಡಲಿಲ್ಲ, ನನ್ನ ಎದೆ ನೋಡಿದಳು. ಕಣ್ಣು ತುಂಬಿದ್ದವು. ತಲೆ ಅಲ್ಲಾಡಿಸಿ ಒಲ್ಲೆನೆಂದಳು.

ಬಾಗಿಲಲ್ಲಿದ್ದ ಪೇದೆ ಹತ್ತಿರ ಬಂದರು. “ಯವ್ವಾ, ನೀ ಗಂಡನ ಹೆಸರು ಹಚ್ಚಿ ಕರಿಯಂಗಿಲ್ಲೇನು?”

“ಇಲ್ರಿ.”

“ಯಾವಾಗಿಂದ?”

“ಇವ್ರಿಗೆ ಎದಿನೋವು ಬಂದಾಗಿಂದ್ರಿ. ಹೆಸರು ಹಚ್ಚಿದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದಂತ ನಮ್ಮತ್ತಿ ಅಂದಾರ್ರಿ.” ಮೆಲ್ಲಗೆ ಸೇರಿಸಿದಳು: “ಅದಕ್ಕೂ ಮೊದ್ಲ ನಾ ಭಾಳ ಸಲ ಹಚ್ಚೀನ್ರಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ನೀವು ನರ್ಸ್ ಆಗಿದ್ದವರಲ್ವಾ?”

“ಹೌದ್ರಿ. ಅದಕ್ಕ ಅಂಜಿಕಿ ಜಾಸ್ತಿ.”

ಎರಡು ವರ್ಷ. ಎರಡು ವರ್ಷದಿಂದ ನನ್ನ ಹೆಂಡತಿ ನನ್ನ ಹೆಸರು ಹಿಡಿದು ಕರೆದಿರಲಿಲ್ಲ, ನನಗೆ ಅದು ಗೊತ್ತೇ ಇರಲಿಲ್ಲ. ‘ಏನ್ರಿ, ಬರ್ರಿ’ ಎನ್ನುವುದನ್ನು ಕೇಳಿ ಅವಳ ಕನ್ನಡ ಸುಧಾರಿಸಿದೆ ಎಂದು ಗೆಳೆಯರ ಮುಂದೆ ಜಂಭ ಕೊಚ್ಚಿದ್ದೆ. ಬ್ರಷ್ಷಿನ ಬಣ್ಣ ಬಾಯಿಪಾಠ ಮಾಡಿಸಿದ ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಧಿಕಾರಿ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. “ಹೇಳೋದು ಬೇಡ. ಬರೀರಿ.”

ಅವಳು ಪೇದೆಯ ಕಡೆ ನೋಡಿದಳು. “ಬರದ್ರ ಏನಾಗಂಗಿಲ್ಲವ್ವ, ಬರಿ,” ಎಂದರು ಅವರು.

ಬರೆದಳು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅವಳಿಗೆ ಕನ್ನಡ ಅಕ್ಷರ ಬರುತ್ತದೆ ಎಂಬುದೂ ನನಗೆ ಅವತ್ತೇ ತಿಳಿದದ್ದು. ಅಕ್ಷರಗಳು ಸೊಟ್ಟಗಿದ್ದವು. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ, ಅದನ್ನು ಬಿಟ್ಟಿದ್ದಳು. ಹೋಯಿತು, ಇದೂ ತಪ್ಪಾಯಿತು ಎಂದು ನನ್ನ ಜೀವ ಅರ್ಧ ಆಯಿತು.

“ಇಲ್ಲೊಂದು ಒತ್ತು ಬೇಕಲ್ವಾ?” ಎಂದರು ಅಧಿಕಾರಿ. “ಎಲ್ಲಿ ಕಲಿತ್ರಿ ಇದನ್ನ?”

“ನಮ್ಮ ಲ್ಯಾಬಿನ ಬೋರ್ಡ್ ನೋಡಿ ಕಲ್ತೀನ್ರಿ. ದಿನಾ ಮುಂಜಾನಿ ಶಟರ್ ಎತ್ತೂಮುಂದ. ಅಲ್ಲಿ ಹಿಂಗ ಅದ್ರಿ.”

ನಿಜ. ಹೋದ ಮಳೆಗಾಲದಲ್ಲಿ ಬೋರ್ಡಿನ ಆ ಒತ್ತಕ್ಷರದ ಬಣ್ಣ ಉದುರಿ ಹೋಗಿತ್ತು. ಹಚ್ಚಿಸಿದರಾಯಿತು ಎಂದು ಅದನ್ನೂ ನಾಳೆ ನಾಡಿದ್ದಿಗೆ ತಳ್ಳಿದ್ದೆ. ಅಧಿಕಾರಿ ಕಡತ ತಿರುವಿ, ನಾವಿಬ್ಬರೂ ಲ್ಯಾಬಿನ ಮುಂದೆ ನಿಂತ ಫೋಟೋ ತೆಗೆದು, ಕಣ್ಣಿನ ಹತ್ತಿರ ಹಿಡಿದು ಬೋರ್ಡನ್ನು ನೋಡಿದರು. ಅಲ್ಲೂ ಒತ್ತು ಇರಲಿಲ್ಲ. ಆಮೇಲೆ ಅವಳು ಬರೆದ ಹಾಳೆಯನ್ನು ಕಡತದೊಳಗೆ ಸೇರಿಸಿ ದಾರ ಕಟ್ಟಿದರು.

“ವರದಿ ಮೇಲಕ್ಕೆ ಹೋಗುತ್ತೆ. ನಿರ್ಧಾರ ನನ್ನದಲ್ಲ,” ಎಂದರು. “ಬೋರ್ಡಿಗೆ ಬಣ್ಣ ಹಚ್ಚಿಸ್ರೀ.”

ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. ಅವ್ವ ಜ್ವಾಳ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. “ಅವತ್ತು ದವಾಖಾನಿಯಾಗ ನನ್ನ ಜೀವ ನನ್ನ ಕೈಯಾಗ ಇದ್ದಿದ್ದಿಲ್ಲಪ. ಸಂಕಟಕ್ಕ ಏನೋ ಅಂದೆ. ಆಕಿ ಗಟ್ಟಿ ಹಿಡಕೊಂಡಾಳ.” ಸೊಸೆಯ ಕಡೆ ತಿರುಗಿ, “ಹಚ್ಚವ್ವ, ಏನಾಗಂಗಿಲ್ಲ,” ಎಂದಳು. ಇವಳು ರೊಟ್ಟಿ ಹೆಂಚು ಇಡಲು ಒಳಗೆ ಹೋದಳು.

ಮುಂದಿನ ಮೂರು ವಾರ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಮೊಬೈಲು ಗುಂಯ್‌ಗುಟ್ಟಿದರೆ ಸಾಕು, ಕೈಯ ಕೆಲಸ ಬಿಟ್ಟು ಓಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಸಂದೇಶ ಬಂತು. ವೀಸಾ ಮುಂದುವರಿದಿತ್ತು. ಮಾಳಿಗೆಯ ಮೇಲೆ ಬಟ್ಟೆ ಒಣ ಹಾಕುತ್ತಿದ್ದ ಅವಳಿಗೆ ಓಡಿ ಹೋಗಿ ತೋರಿಸಿದೆ. ಅವಳು ಅಲ್ಲೇ ಕುಕ್ಕರಿಸಿ ಕೂತು, ಒದ್ದೆ ಸೀರೆಯಲ್ಲಿ ಮುಖ ಮುಚ್ಚಿ ಅತ್ತಳು. ನಾನೂ ಅತ್ತೆ.

“ಈಗರೆ ಒಮ್ಮಿ ನನ್ನ ಹೆಸರು ಹಚ್ಚು. ಇಲ್ಲಿ ಯಾರಿಲ್ಲ.”

ಮಸ್ಕತ್ತಿನ ವರಾಂಡದಲ್ಲಿ ಅವಳ ಬಾಯಲ್ಲಿ ಅದು ಹೇಗೆ ಕೇಳುತ್ತಿತ್ತು ಎಂಬುದು ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿರಲಿಲ್ಲ.

ಅವಳು ಮುಖ ಒರೆಸಿಕೊಂಡಳು. “ಕಾಗದ ಅವ್ರು ಕೊಟ್ರು. ನಿಮ್ಮನ್ನ ಯಾರ್ ಕೊಡ್ತಾರ್ರಿ?”

ನಾನು ಮತ್ತೆ ಕೇಳಲಿಲ್ಲ. ರಕ್ತ ನೋಡಿ ರೋಗ ಹೇಳುವವನು ನಾನು, ಇಂಥದ್ದನ್ನೆಲ್ಲ ನಂಬಿದವನಲ್ಲ. ಆದರೂ ಅವಳು ಶಟರ್ ಎತ್ತಿ ತಲೆ ಮೇಲೆ ಮಾಡಿ ಬೋರ್ಡ್ ನೋಡುವಾಗ, ಎಲ್ಲಿ ಮರೆತು ಗಟ್ಟಿಯಾಗಿ ಓದಿಬಿಡುತ್ತಾಳೋ ಎಂದು ಈಗ ನಾನೇ ಅಂಜುತ್ತೇನೆ.