ಬಣ್ಣ ಹೊಂದದ ಡಬ್ಬಿಯೊಳಗಿನ ಮುಡಿಪು

ಕೆರೆಕೋಡಿಯ ತಾಯಿ ಕೋಡಿಯಮ್ಮನ ಒಕ್ಕಲಿನವರಿಗೆಲ್ಲ ಕೈಮುಗಿದು ಬರೆಯುತ್ತಿದ್ದೇನೆ.

ಕಳೆದ ವರ್ಷ ಗೌರಿಹಬ್ಬ ಮುಗಿದ ವಾರ ನಮ್ಮ ಅವ್ವ ಮಧುಗಿರಿಯ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು, ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಳು. ಪಿತ್ತಕೋಶದಲ್ಲಿ ಕಲ್ಲು, ಮೇಲೆ ಜ್ವರ. ತಡಮಾಡಿದರೆ ಒಳಗೆ ಕೀವಾಗಿ ಜೀವಕ್ಕೇ ಅಪಾಯ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಇದನ್ನು ನಾನು ಗುಡಿಯ ಜಗಲಿಯ ಮೇಲೆ ಬಹಳ ಸಲ ಹೇಳಿದ್ದೇನೆ. ಹೇಳಿದಷ್ಟೂ ಚೆಂದವಾಗುತ್ತಿದೆ. ಅದೇ ನನಗೆ ಭಯ. ಇನ್ನೂ ಚೆಂದವಾಗುವ ಮೊದಲು ಬರೆದಿಡೋಣ ಎಂದು ಕೂತಿದ್ದೇನೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ. ಕೋಡಿಯಮ್ಮನಿಗೆ ನನ್ನ ಒಗ್ಗರಣೆ ಬೇಕಾಗಿಲ್ಲ.

ಅವ್ವನ ಹಟಕ್ಕೆ ಕಾರಣ ಒಂದು ಮುಡಿಪು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಕೋಡಿಯಮ್ಮನಿಗೆ ಹರಸಿಕೊಂಡಿದ್ದಳು, ಒಪ್ಪಿಸಿರಲಿಲ್ಲ.

"ಹರಕೆ ಬಾಕಿ ಇಟ್ಕಂಡು ಕತ್ತಿ ಕೆಳಗೆ ಮಲಗಕ್ಕಾಯ್ತದೇನ್ಲಾ? ಮೊದ್ಲು ಅದನ್ನ ತಂದು ಗುಡಿಗೆ ಕೊಡು. ಆಮೇಲೆ ಎಲ್ಲಿ ಬೇಕಾದ್ರೂ ಕುಯ್ಕಳ್ಳಿ."

"ಎಲ್ಲಿಟ್ಟಿದ್ದೀಯವ್ವ?"

"ನಿನ್ ಕೆಂಪು ಗಾಡಿ ಡಬ್ಬಿಯಾಗೆ."

ನಾನು ಗೋಡೆಗೆ ಒರಗಿಕೊಂಡೆ. ನನ್ನ ಕಸುಬು ಹಳೇ ಮೋಟಾರ್ ಬೈಕುಗಳನ್ನು ಕೊಂಡು ಮಾರುವುದು. ಕೆಂಪು ಗಾಡಿ ನನ್ನ ಕೈಬಿಟ್ಟು ವರ್ಷವಾಗಿತ್ತು.

"ಬೀರುವಿನಾಗೆ ಇಟ್ರೆ ನೀನು ಮರೀತೀಯ. ಗಾಡಿ ಡಬ್ಬೀನಾದ್ರೆ ದಿನಾ ಮುಟ್ತೀಯ, ಕೆರೆ ಕಡೆ ಹೋದಾಗ ಕೊಟ್ಟು ಬತ್ತೀಯ ಅಂದ್ಕಂಡೆ."

"ನನಗೆ ಹೇಳಬಾರದಿತ್ತಾ?"

"ಹೇಳ್ದೆ ಕಣ್ಲಾ. ನೀನು ಇಂಜಿನ್ನಿಗೆ ಕಿವಿ ಕೊಟ್ಕಂಡಿದ್ದೆ."

ಅದು ನಿಜವಿರಬಹುದು. ಕೊಂಡ ಗಾಡಿಯನ್ನು ಮಾರುವ ಮೊದಲು ಒಂದು ಸುತ್ತು ಓಡಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಬೆಳಗಿನ ಹೊತ್ತು ನಮ್ಮ ದೊಡ್ಡ ಬಂಡೆಯ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಕೊರಟಗೆರೆ ರಸ್ತೆ ಹಿಡಿದರೆ, ಎಂಥ ಮುದಿ ಇಂಜಿನ್ನೂ ಗಂಟಲು ಸರಿಮಾಡಿಕೊಂಡು ಹಾಡತೊಡಗುತ್ತದೆ. ಆ ಕೆಂಪು ಗಾಡಿಯಂತೂ ಬೆಣ್ಣೆ. ಸೀಟಿನ ಕೆಳಗೆ ಸ್ಪ್ಯಾನರ್ ಇಡುವ ಪಕ್ಕದ ಡಬ್ಬಿಯೊಂದು ನೆಗ್ಗಿತ್ತು. ಬಡಿದು, ನಾನೇ ಬಣ್ಣ ಬಳಿದೆ. ಟ್ಯಾಂಕಿನ ಕೆಂಪೇ ಬೇರೆ, ನನ್ನ ಕೆಂಪೇ ಬೇರೆಯಾಯಿತು. ದೂರದಿಂದಲೂ ಕಾಣುವಂತೆ ಡಬ್ಬಿ ತಿಳಿಗೆಂಪಾಗಿ ಉಳಿಯಿತು.

ಮಾರುವ ದಿನ ಡಬ್ಬಿ ತೆಗೆದು ನೋಡಲಿಲ್ಲವೇ ಎಂದು ನೀವು ಕೇಳುತ್ತೀರಿ. ನೋಡಿರುತ್ತೇನೆ. ಆದರೆ ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಗಾಡಿಯೊಳಗೆ ಸಿಕ್ಕ ಹಳೇ ಬಟ್ಟೆ, ಬೀಡಿಕಟ್ಟು ಎಲ್ಲ ಎಸೆಯುತ್ತೇವೆ. ದೇವರದು ಎನಿಸಿದ್ದನ್ನು ಮುಟ್ಟುವುದಿಲ್ಲ. ತಾಯಿತವೋ ನಿಂಬೆಹಣ್ಣೋ ದರ್ಗಾದ ದಾರವೋ, ಗಾಡಿಯ ಜೊತೆಗೇ ಹೋಗಬೇಕು. ಹಳದಿ ಗಂಟನ್ನು ಕಂಡು, ಹಿಂದೆ ಗಾಡಿ ಇಟ್ಟುಕೊಂಡಿದ್ದ ಯಾರದೋ ಎಂದು ಬಿಟ್ಟಿರಬೇಕು. ಅವ್ವನ ಗಂಟನ್ನು ಅವ್ವನ ಮಗನೇ ಭಕ್ತಿಯಿಂದ ಸಾಗಹಾಕಿದ್ದಾಯಿತು.

ಆ ಮನಸ್ಸಿನಲ್ಲಿ ಗಾಡಿ ಓಡಿಸಬೇಡಿ ಎಂದು ಹೆಂಡತಿ ಶೋಭಾ ಕೀಲಿಕೈ ಕಿತ್ತುಕೊಂಡಳು. ಬೈಕು ಮಾರುವವನು ಬಸ್ಸಿನಲ್ಲಿ ನಿಂತು ಬೈಕು ಹುಡುಕಲು ಹೊರಟೆ.

ಕೊರಟಗೆರೆಯಲ್ಲಿ ಗಾಡಿ ಕೊಂಡಿದ್ದವರು ಹೋಟೆಲಿನ ನಂಜಪ್ಪನವರು. ದೋಸೆ ತಿರುವುತ್ತಲೇ ಮಾತಾಡಿದರು.

"ಅದಾ? ಸೊಂಟ ನೋವು ಅಂತ ಸ್ಕೂಟರ್ ತಗಂಡೆ. ಅದನ್ನ ಸಿರಾದ ರಹಮತ್ ಸಾಬ್ರಿಗೆ ಕೊಟ್ಬುಟ್ಟೆ."

"ಡಬ್ಬಿಯಲ್ಲಿ ಒಂದು ಗಂಟಿತ್ತಾ?"

"ಇತ್ತಲ್ಲ! ನಾನು ಕೈ ಹಾಕ್ಲಿಲ್ಲಪ್ಪ. ಸ್ಪ್ಯಾನರ್ ಬೇಕಾದ್ರೂ ಚಪ್ಲಿ ಬುಟ್ಟು ಡಬ್ಬಿ ತೆಗೀತಿದ್ದೆ. ಒಂದ್ಸಲ ಜಾರಿ ಬಿದ್ದೆ. ಎಲ್ಲಿಗೆ? ಈರುಳ್ಳಿ ಮೂಟೆ ಮೇಲಕ್ಕೆ! ಒಂದು ಗಾಯ ಇಲ್ಲ."

ಸಿರಾದಲ್ಲಿ ರಹಮತ್ ಸಾಬರದೂ ನನ್ನದೇ ಕಸುಬು. ಅಂಗಡಿಯ ಮುಂದೆ ಕಾರ್ಬೊರೇಟರ್ ಬಿಚ್ಚಿ ಕೂತಿದ್ದವರು ನನ್ನ ಮುಖ ನೋಡಿ ಮೊದಲು ಚಹಾ ತರಿಸಿದರು.

"ಹಳದಿ ಗಂಟು? ಅಮಾನತ್ ಅದು, ರಂಗಣ್ಣ. ಯಾರೋ ನಂಬಿ ಬಿಟ್ಟಿದ್ದು. ಬಿಚ್ಚೋಕೆ ನಾವ್ಯಾರು? ಗ್ರೀಸ್ ಮೆತ್ಕೊಂಡೀತು ಅಂತ ಪ್ಲಾಸ್ಟಿಕ್ ಕವರ್ ಸುತ್ತಿ ಅಲ್ಲೇ ಇಟ್ಟೆ. ಪಾವಗಡದ ಪಿ.ಟಿ. ಮೇಡಂ ತಗೊಂಡ್ರು, ವರಲಕ್ಷ್ಮಿ ಅಂತ. ಹೆಂಗ್ಸು ಗೇರ್ ಗಾಡಿ ಹೆಂಗೆ ಹೊಡೀತಾಳೆ ಅಂದ್ಕೊಂಡೆ. ಒಂದು ಕಿಕ್ ಕೊಟ್ಲು ನೋಡು, ನನ್ ಶಟ್ಟರ್ ಅಲ್ಲಾಡೋಯ್ತು!"

ಅವರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.

ಮರುದಿನ ಪಾವಗಡಕ್ಕೆ ಹೋದೆ. ಮೇಡಂ ಮನೆಯ ಬಾಗಿಲಲ್ಲಿ ಅವರ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಅವರೆ ಸೆಪ್ಟೆಂಬರಿನಲ್ಲಿ ಎಲ್ಲಿಂದ ಬಂತು ಎಂದು ಶೋಭಾ ಕೇಳುತ್ತಾಳೆ. ಹಾಗಾದರೆ ಕಡಲೆಕಾಯಿ ಇರಬೇಕು. ತೆಲುಗು ಬೆರೆಸಿ ಅವರು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ಆಯಮ್ಮ ಇಂಟ್ಲೋ ಲೇದಪ್ಪಾ. ಪಿಲ್ಲಲ್ನ ಆಟಕ್ಕೆ ಕರ್ಕೊಂಡು ಹೋಗ್ಯಾಳೆ. ಗಾಡೀನೂ ಎತ್ಕೊಂಡೇ ಪೋಯಿಂದಿ. ಯಾವೂರೋ ಏಮೋ, ನಂಗೆ ತೆಲೀದು."

ಮೇಡಂ ಮನೆಯಲ್ಲಿಲ್ಲ, ಗಾಡಿಯೂ ಇಲ್ಲ, ಹೋದ ಊರೂ ಅವರಿಗೆ ತಿಳಿಯದು. ಅಷ್ಟರಲ್ಲಿ ಶೋಭಾಳ ಫೋನು ಬಂತು. ಜ್ವರ ಏರಿದೆ, ಅವ್ವ ಮಾತ್ರೆಯನ್ನೂ ಉಗಿದಳು, ಬೇಗ ಬನ್ನಿ ಎಂದಳು. ಪಾವಗಡದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ಅಲ್ಲೇ ಕಣ್ಣು ಮುಚ್ಚಿ ಕೋಡಿಯಮ್ಮನನ್ನು ಕರೆದೆ. "ಅವ್ವನನ್ನು ಉಳಿಸು ತಾಯಿ" ಎಂದು ಬೇಡಿಕೊಂಡೆ ಎಂದು ಜಗಲಿಯ ಮೇಲೆ ಹೇಳುತ್ತೇನೆ. ಅದು ಸುಳ್ಳು. ನಾನು ಕೇಳಿದ್ದು "ತಾಯಿ, ಗಾಡಿ ತೋರಿಸು" ಎಂದು. ವ್ಯಾಪಾರದ ಬಾಯಿ. ಅವಳು ಅಷ್ಟನ್ನೇ ಕೇಳಿಸಿಕೊಂಡು ಅಷ್ಟನ್ನೇ ಮಾಡಿದಳು.

ಸಂಜೆ ಬಸ್ಸು ಮಧುಗಿರಿ ಹೊಕ್ಕಿತು. ಗಾಡಿ ಆಸ್ಪತ್ರೆಯ ಗೇಟಿನಲ್ಲೇ ನಿಂತಿತ್ತು ಎಂದು ನೀವು ನನ್ನ ಬಾಯಲ್ಲಿ ಕೇಳಿರಬಹುದು. ಇಲ್ಲ. ನಿಲ್ದಾಣದ ಆಚೆ, ಕಬ್ಬಿನ ಹಾಲಿನ ಅಂಗಡಿಯ ಹತ್ತಿರ ನಿಂತಿತ್ತು. ಕಿಟಕಿಯಿಂದ ಮೊದಲು ಕಂಡದ್ದು ಹೊಂದದ ಬಣ್ಣದ ನನ್ನ ಡಬ್ಬಿ. ಮೂರು ತಾಲ್ಲೂಕು ಸುತ್ತಿ ನಾನು ಹುಡುಕಿದ್ದು ನನ್ನೂರಿನಲ್ಲೇ ಕಬ್ಬಿನ ಸಿಪ್ಪೆಯ ಪಕ್ಕದಲ್ಲಿ ಇತ್ತು.

ಬಸ್ಸು ನಿಲ್ಲುವ ಮೊದಲೇ ಇಳಿದು ಓಡಿ ಡಬ್ಬಿಯ ಮೇಲೆ ಕೈಯಿಟ್ಟೆ. ಹಿಂದೆ ಪೀಪಿ ಕೂಗಿತು. ಕೊರಳಲ್ಲಿ ಪೀಪಿ, ಕೈಯಲ್ಲಿ ಕಬ್ಬಿನ ಹಾಲಿನ ಲೋಟ ಹಿಡಿದ ಹೆಂಗಸು ನಿಂತಿದ್ದರು.

"ಏನ್ರೀ, ಗಾಡಿಗೆ ಕೈ?"

ಮೈದಾನದ ಆಟಕ್ಕೆ ಮಕ್ಕಳನ್ನು ಕರೆತಂದಿದ್ದ ವರಲಕ್ಷ್ಮಿ ಮೇಡಂ. ಫೋನು ಬ್ಯಾಗಿನಲ್ಲಿತ್ತಂತೆ. ಗಂಟು ಬೇಕು ಎಂದೆ.

"ಕೊಡಲ್ಲ. ಶುಕ್ರವಾರ ಶುಕ್ರವಾರ ಅದಕ್ಕೆ ಊದುಬತ್ತಿ ಹಚ್ತೀನಿ. ಅದು ಬಂದ ಮೇಲೆ ಒಂದಿನ ಕೂಡ ಜಾರಿಲ್ಲ ನಾನು. ನೀವ್ಯಾರೋ ಬಂದು ಕೇಳಿದ್ರೆ ದೇವರನ್ನ ಕೊಡ್ತಾರೇನ್ರೀ?"

ಅವ್ವನ ವಿಷಯ ಹೇಳಿದೆ. ಅವರು ಲೋಟವನ್ನು ಅಂಗಡಿಯವನ ಕೈಗೆ ತುರುಕಿ, ಒಂದೇ ಕಿಕ್ಕಿಗೆ ಗಾಡಿ ಎಬ್ಬಿಸಿದರು.

"ಇದನ್ನ ಮೊದಲೇ ಹೇಳೋಕೇನಾಗಿತ್ತು? ಹತ್ತಿ!"

ನಾನು ಮಾರಿದ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತೆ.

ಆಸ್ಪತ್ರೆಯಲ್ಲಿ ಅವ್ವ ಪ್ಲಾಸ್ಟಿಕ್ ಕವರ್ ಬಿಡಿಸಿ ಗಂಟನ್ನು ಕಣ್ಣಿಗೊತ್ತಿಕೊಂಡಳು. ಹಾಕಿದ ಗಂಟು ಹಾಗೇ ಇತ್ತು. ಊದುಬತ್ತಿಯ ವಾಸನೆ, ಪೆಟ್ರೋಲಿನ ವಾಸನೆ ಎರಡೂ ಇದ್ದವು.

"ಏನಂತ ಹರಸ್ಕೊಂಡಿದ್ರಿ ಅಮ್ಮ? ನನ್ ಕೈಲೂ ಪೂಜೆ ಮಾಡಿಸ್ಕೊಂತಲ್ಲ ಇದು" ಎಂದರು ಮೇಡಂ.

"ಈ ಗಾಡಿ ಹತ್ತಿದೋರು ಸುಕವಾಗಿ ಮನೆ ಸೇರ್ಲಿ ಅಂತ."

"ನಿನ್ನ ಮಗ ಅಂತ ನನ್ನ ಹೆಸರು ಹೇಳಲಿಲ್ಲವಾ?" ಎಂದೆ.

"ನೀನ್ಯಾವ ಗಾಡಿ ಉಳಿಸ್ಕಂಡಿದ್ದೀಯ ಹೇಳ್ಲಾ! ಇವತ್ತು ನೀನು, ನಾಳೆ ಇನ್ಯಾರೋ. ಹೆಸ್ರು ಹೇಳಿದ್ರೆ ಮಿಕ್ಕೋರ ಗತಿ ಏನು?"

ಕೊಡಿಗೇನಹಳ್ಳಿ ರಸ್ತೆಯ ಕೆರೆಕೋಡಿಗೆ ಮೇಡಂ ಅವರೇ ಗಾಡಿ ಓಡಿಸಿದರು. ದೀಪ ಹಚ್ಚುವ ಹೊತ್ತಿಗೆ ಮುಡಿಪು ಕೋಡಿಯಮ್ಮನ ಪಾದ ಸೇರಿತು. ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ಎಚ್ಚರವಾದ ಅವ್ವ ಮೊದಲು ಕೇಳಿದ್ದು ಹೊಸ ಮುಡಿಪು ಕಟ್ಟಲು ಇನ್ನೊಂದು ಅರಿಶಿನದ ಬಟ್ಟೆ. ಮೇಡಂ ಗಾಡಿ ಬರಿದಾಗಿ ಹೋಗಬಾರದಂತೆ.

ಬಂಧುಗಳೇ, ಗಾಡಿ ಕಂಡದ್ದನ್ನು ಪವಾಡ ಎನ್ನಬೇಕೋ ಇಲ್ಲವೋ ನನಗೆ ತಿಳಿಯದು. ಆಟಕ್ಕೆ ಬಂದವರು ಬಾಯಾರಿ ಕಬ್ಬಿನ ಹಾಲು ಕುಡಿಯುವುದು ಸಹಜವೇ. ಆದರೆ ಇಷ್ಟು ಕೈ ದಾಟಿದ ಗಂಟನ್ನು ಒಬ್ಬರೂ ಬಿಚ್ಚಿ ನೋಡಲಿಲ್ಲ. ಗೊತ್ತಿಲ್ಲದವರ ಹರಕೆಯನ್ನು ಒಬ್ಬರು ಚಪ್ಪಲಿ ಬಿಟ್ಟು, ಒಬ್ಬರು ಪ್ಲಾಸ್ಟಿಕ್ ಸುತ್ತಿ, ಒಬ್ಬರು ಊದುಬತ್ತಿ ಹಚ್ಚಿ ಕಾಯ್ದರು. ಅದರ ಮುಂದೆ ನನ್ನ ಅನುಮಾನಕ್ಕೆ ಬಾಯಿಲ್ಲ. ತಾಯಿಗೆ ಶರಣು.

ಈಗ ನನ್ನ ಅಂಗಡಿಗೆ ಬರುವ ಗಿರಾಕಿಗಳು ನಗುತ್ತಾರೆ. ಯಾವ ಹಳೇ ಗಾಡಿ ಬಂದರೂ, ಡಬ್ಬಿ ತೆಗೆಯುವ ಮೊದಲು ನಾನು ಚಪ್ಪಲಿ ಬಿಡುತ್ತೇನೆ.