ಕಾಯಿಲೆಗಳ ವಂಶಾವಳಿ ಬರೆಯುವ ಫೈಲಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ, ಮೂರನೆಯ ಸಲಕ್ಕೆ ಮನಸ್ಸು ಮಾಡುತ್ತದೆ. ಕಬ್ಬಿಣದ ಹಲಗೆಗಳ ಮೇಲೆ ಒತ್ತೊತ್ತಾಗಿ ನಿಂತ ಸಾವಿರಾರು ಫೈಲುಗಳು ಒಮ್ಮೆಲೇ ಎಚ್ಚರಗೊಂಡಂತೆ ಕಾಣುತ್ತವೆ. ನಡುವಿನ ಮೇಜಿನ ಬಳಿ ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿಕೊಂಡು ಕೂರುವವರನ್ನು ಇಡೀ ಆಸ್ಪತ್ರೆ ‘ಫೈಲಕ್ಕ’ ಎಂದೇ ಕರೆಯುತ್ತದೆ. ಹತ್ತೊಂಬತ್ತು ವರ್ಷದಿಂದ ಅವರು ಈ ದಾಖಲೆ ಕೋಣೆಯಲ್ಲಿದ್ದಾರೆ.

ನಿನ್ನೆ ಮನೆಗೆ ಹೋದ ರೋಗಿಗಳ ಫೈಲುಗಳು ಮೇಜಿನ ಮೇಲೆ ಬಂದು ಕೂತಿವೆ. ಇವತ್ತಿನ ಲೆಕ್ಕ ಅರವತ್ತೆರಡು. ಒಂದೊಂದನ್ನೂ ಬಿಚ್ಚಿ, ಯಾವ ಕಾಯಿಲೆ ಮೊದಲು ಬಂತು, ಯಾವುದು ಅದರ ಬೆನ್ನು ಹತ್ತಿ ಬಂತು ಎಂದು ಓದಿ, ಮೊದಲ ಹಾಳೆಯಲ್ಲಿ ಆಯಾ ಕಾಯಿಲೆಯ ಸಂಕೇತ ಬರೆಯಬೇಕು. ಕೈ ಅದನ್ನು ಮಾಡುತ್ತಿದೆ, ಕಿವಿ ಮಾತ್ರ ಬಾಗಿಲಿನತ್ತ. ಇವತ್ತು ಒಂಬತ್ತಕ್ಕೆ ಹೊಲಿಗೆ ಅಂಗಡಿಯ ಟೈಲರಮ್ಮನ ತಪಾಸಣೆ. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು. ರಕ್ತದೊತ್ತಡ ಇಳಿದು ನಿಂತಿದೆಯೋ ಇಲ್ಲವೋ ಇವತ್ತು ಗೊತ್ತಾಗುತ್ತದೆ. ನಿಲ್ಲದಿದ್ದರೆ ಅದಕ್ಕೆ ಕಾಯಿಲೆ ಪತ್ತೆಯಾಗಲು ಎರಡು ವರ್ಷ ತಡವಾದದ್ದೂ ಒಂದು ಕಾರಣ, ಆ ತಡಕ್ಕೆ ತಾನೇ ಕಾರಣ ಎಂಬ ಮುಳ್ಳು ಫೈಲಕ್ಕನ ಎದೆಯಲ್ಲಿದೆ.

ಏಳು ಗಂಟೆಗೆ ಕಿಟಕಿಯ ಮುಂದೆ ಜನ ಸೇರುತ್ತಾರೆ. ಬಿಡುಗಡೆ ಚೀಟಿ ಹಿಡಿದು, ಅದರಲ್ಲಿರುವ ಉದ್ದುದ್ದ ಪದಗಳನ್ನು ಕಂಡು ಗಾಬರಿಬಿದ್ದವರೇ ಹೆಚ್ಚು. ಮಾತ್ರೆ, ಔಷಧಿಯ ವಿಷಯಕ್ಕೆ ಫೈಲಕ್ಕ ತುಟಿ ಬಿಚ್ಚುವುದಿಲ್ಲ. ಪದದ ಅರ್ಥ ಕೇಳಿದರೆ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

“ಸೆಕೆಂಡರಿ ಅಂತ ಬರ್ದಿದ್ರೆ ಅದು ಮರಿ ಕಾಯಿಲೆ ಕಣಪ್ಪ. ಅದಕ್ಕೊಂದು ತಾಯಿ ಕಾಯಿಲೆ ಇರುತ್ತೆ. ಮರೀನ ಎಷ್ಟು ಓಡ್ಸಿದ್ರೂ ತಾಯಿ ಹತ್ರಾನೇ ವಾಪಸ್ ಬರುತ್ತೆ. ಮೊದ್ಲು ತಾಯಿನ ಹುಡುಕ್ಬೇಕು.”

ಮೊದಮೊದಲು ಅವರು ‘ಮೂಲ ಕಾಯಿಲೆ’ ಎನ್ನುತ್ತಿದ್ದರಂತೆ. “ಒಬ್ರು ಯಜಮಾನ್ರು ಸಿಟ್ಟಾಗ್ಬಿಟ್ರು. ‘ನಂಗೆ ಎದೆನೋವು ಕಣಮ್ಮ, ಪೈಲ್ಸ್ ಅಲ್ಲ’ ಅಂತ! ಅವತ್ತಿಂದ ತಾಯಿ, ಮರಿ ಅಂತೀನಿ” ಎಂದು ನಗುತ್ತಾರೆ.

ಕೊಮಾರ್ಬಿಡಿಟಿ ಎಂದರೆ ಅವರ ಬಾಯಲ್ಲಿ ಒಂದೇ ಮನೆಯ ಇಬ್ಬರು ಬಾಡಿಗೆದಾರರು. ಒಬ್ಬರಿಗೊಬ್ಬರು ಹುಟ್ಟಿದವರಲ್ಲ, ಆದರೆ ಒಂದೇ ಬಚ್ಚಲಿಗೆ ಜಗಳವಾಡುವವರು. ಸೀಕ್ವೆಲ ಎಂದರೆ ನೆಂಟ ಹೋದ ಮೇಲೂ ಉಳಿದ ಮುರಿದ ಕುರ್ಚಿ: ಮೆದುಳಿನ ಸೋಂಕು ವಾಸಿಯಾದರೂ ಕಿವಿ ಮಂದವಾಗಿಯೇ ಉಳಿಯುವ ಹಾಗೆ. ಕಾಂಪ್ಲಿಕೇಷನ್ ಅಂದರೆ ಒಂದನ್ನು ಬಿಡಿಸಲು ಹೋದಾಗ ಬಿದ್ದ ಇನ್ನೊಂದು ಗಂಟು.

ಈ ವಿದ್ಯೆ ಕಾಲೇಜಿನಲ್ಲಿ ಕಲಿತದ್ದಲ್ಲ. ಹತ್ತನೇ ತರಗತಿ ಮುಗಿಸಿ ವಾರ್ಡಿನ ಆಯಾ ಆಗಿ ಸೇರಿದವರು. ಆಗ ಮನೆಯಲ್ಲಿ ಅಪ್ಪನಿಗೆ ಮೊದಲು ಕಣ್ಣು ಮಂಜಾಯಿತು, ಆಮೇಲೆ ಪಾದದ ಗಾಯ ಮಾಯಲಿಲ್ಲ, ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. “ಮೂರೂ ಬೇರೆ ಬೇರೆ ಗ್ರಹಚಾರ ಅಂದ್ಕೊಂಡಿದ್ವಿ. ಮೂರು ಕಡೆ ಓಡಾಡಿದ್ವಿ. ಮೂರೂ ಸಕ್ಕರೆ ಕಾಯಿಲೆಯ ಮರಿಗಳು ಅಂತ ಒಬ್ರೂ ಕೂರಿಸ್ಕೊಂಡು ಹೇಳ್ಲಿಲ್ಲ” ಎನ್ನುತ್ತಾರೆ. ಅಪ್ಪ ತೀರಿಕೊಂಡ ವರ್ಷವೇ ದಾಖಲೆ ಕೋಣೆಗೆ ವರ್ಗ ಕೇಳಿಕೊಂಡರು. ಸಂಕೇತ ಬರೆಯುವ ತರಬೇತಿಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಪಾಸಾದರು.

ಅಷ್ಟು ಬಲ್ಲವರ ಕೈಯಲ್ಲೇ ಆ ತಪ್ಪು ನಡೆದುಹೋಯಿತು.

ಟೈಲರಮ್ಮನಿಗೆ ಮೂವತ್ತೆರಡು ವರ್ಷ. ನೀರಿನ ಟ್ಯಾಂಕಿನ ಪಕ್ಕ ಹೊಲಿಗೆ ಅಂಗಡಿ. ದಿನಕ್ಕೆ ನಾಲ್ಕು ಮಾತ್ರೆ ನುಂಗಿದರೂ ರಕ್ತದೊತ್ತಡ ಬಗ್ಗುತ್ತಿರಲಿಲ್ಲ. ಎರಡೂವರೆ ವರ್ಷದ ಹಿಂದೆ ಒಂದು ದಿನ ಯಂತ್ರದ ಪೆಡಲು ತುಳಿಯಲು ಕಾಲೇ ಏಳದೆ, ಸ್ಟ್ರೆಚರಿನ ಮೇಲೆ ತುರ್ತು ವಿಭಾಗಕ್ಕೆ ಬಂದರು. ನೋಂದಣಿಯವರು ರಜೆಯಲ್ಲಿದ್ದುದರಿಂದ ಅವತ್ತು ಅಲ್ಲಿ ಕೂತಿದ್ದವರು ಫೈಲಕ್ಕ. ಗಾಬರಿಯಲ್ಲಿದ್ದ ಗಂಡ, ಹೆಂಡತಿಯನ್ನು ಮನೆಯಲ್ಲಿ ಕರೆಯುವ ಹೆಸರು ಹೇಳಿದ, ವಯಸ್ಸು ಅಂದಾಜಿಗೆ ಹೇಳಿದ, ಫೋನ್ ನಂಬರು ತಂಗಿಯದು ಕೊಟ್ಟ. ಹಳೆಯ ಫೈಲು ಇದೆಯೇ ಎಂದು ಹುಡುಕದೆ ಫೈಲಕ್ಕ ಹೊಸ ಸಂಖ್ಯೆ ಕೊಟ್ಟುಬಿಟ್ಟರು.

ಅಲ್ಲಿಂದ ಒಬ್ಬ ಹೆಂಗಸು ಇಬ್ಬರಾದಳು. ಒಂದು ಫೈಲಿನಲ್ಲಿ ರಕ್ತದೊತ್ತಡ. ಇನ್ನೊಂದರಲ್ಲಿ ಕಾಲಿನ ಸುಸ್ತು, ‘ಪೊಟ್ಯಾಸಿಯಂ ಕಡಿಮೆ’ ಎಂಬ ಮೂರು ಟಿಪ್ಪಣಿ, ಮೂರೂ ಸಲ ಡ್ರಿಪ್ಪು ಹಾಕಿ ಮನೆಗೆ. ಒಂದನ್ನು ನೋಡಿದ ವೈದ್ಯರು ಇನ್ನೊಂದನ್ನು ಕಾಣಲೇ ಇಲ್ಲ.

ಈ ವರ್ಷದ ಆರಂಭದಲ್ಲಿ ತುರ್ತು ವಿಭಾಗದ ಆ ಫೈಲಿಗೆ ಸಂಕೇತ ಬರೆಯುವಾಗ ‘ಕಾರಣ’ ಎಂಬ ಜಾಗ ಖಾಲಿಯಿತ್ತು. ಮರಿ ಇದೆ, ತಾಯಿ ಇಲ್ಲ. ಮೂಲೆಯಲ್ಲಿ ಯಾರೋ ‘ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ’ ಎಂದು ಗೀಚಿದ್ದರು. ಹಾಗಾದರೆ ಬಿಪಿಯ ಫೈಲು ಎಲ್ಲಿ? ಮೂರು ದಿನ, ಕೆಲಸ ಮುಗಿದ ಮೇಲೆ, ಹಲಗೆ ಹಲಗೆ ತಡಕಿದರು. ನೀರಿನ ಟ್ಯಾಂಕು, ಹೊಲಿಗೆ ಅಂಗಡಿ ಎಂಬ ವಿಳಾಸ ಇನ್ನೊಂದು ಫೈಲಿನಲ್ಲಿ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಎರಡನೆಯ ಸಂಖ್ಯೆ ಬರೆದ ವಾಲಿದ ಅಕ್ಷರ ತನ್ನದೇ ಎಂದು ಗೊತ್ತಾಯಿತು.

“ಸುಮ್ನೆ ಎರಡನ್ನೂ ಸೇರಿಸಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೆಲ್ಸ ಹೋದ್ರೆ ಅಂತ ಭಯ ಇತ್ತು. ಆದ್ರೆ ಸುಮ್ನಿದ್ರೆ ಡಾಕ್ಟ್ರು ಆ ಎರಡೂ ಒಟ್ಟಿಗೆ ಓದೋದು ಯಾವಾಗ?” ಎನ್ನುತ್ತಾರೆ. ದಾರದಿಂದ ಎರಡೂ ಫೈಲು ಕಟ್ಟಿ, ಮೇಲೊಂದು ಚೀಟಿ ಸಿಕ್ಕಿಸಿದರು: ಇವರಿಬ್ಬರೂ ಒಬ್ಬರೇ. ತಪ್ಪು ನನ್ನದು.

ಚಿಕ್ಕ ಡಾಕ್ಟರು ಎಂದು ಎಲ್ಲರೂ ಕರೆಯುವ ತರುಣಿ ವೈದ್ಯೆ ಚೀಟಿ ಓದಿ ಕೆರಳಿದರು. “ಎರಡು ವರ್ಷ ಕಣ್ರೀ! ನಿಮ್ಗೆ ಕಣ್ಣು ಕಾಣ್ತಿರಲಿಲ್ವಾ?”

“ಕಾಣ್ತಿತ್ತು ಡಾಕ್ಟ್ರೇ. ನೋಡ್ಲಿಲ್ಲ.”

ವೈದ್ಯೆ ಹಾಳೆ ಮಗುಚಿದರು. ಒಂದು ಫೈಲು, ಇನ್ನೊಂದು ಫೈಲು, ಮತ್ತೆ ಮೊದಲನೆಯದು. ದನಿ ತಗ್ಗಿತು. “ಫೈಲಕ್ಕ, ಇವರನ್ನ ಇವತ್ತೇ ಕರೆಸ್ತೀರಾ?”

ಅಜ್ಜಿಕತೆಯ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಟೈಲರಮ್ಮನ ರಕ್ತದೊತ್ತಡದ ಪ್ರಾಣವೂ ರಕ್ತನಾಳದಲ್ಲಿರಲಿಲ್ಲ. ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಯೊಂದರಲ್ಲಿ, ಕಡಲೆಕಾಳಿನ ಗಾತ್ರದ ಗಂಟಿನಲ್ಲಿತ್ತು. ಉಪ್ಪನ್ನು ಹಿಡಿದಿಟ್ಟು ಒತ್ತಡ ಏರಿಸಿದ್ದೂ, ಪೊಟ್ಯಾಸಿಯಂ ಹೊರಗೆ ಚೆಲ್ಲಿ ಕಾಲಿನ ಕಸುವು ಕಸಿದದ್ದೂ ಅದೇ. ಒಬ್ಬಳೇ ತಾಯಿ, ಎರಡು ಮರಿ. ಶಸ್ತ್ರಚಿಕಿತ್ಸೆಯಲ್ಲಿ ಆ ಗ್ರಂಥಿಯನ್ನು ತೆಗೆದರು.

ತನ್ನ ತಪ್ಪನ್ನು ಫೈಲಕ್ಕ ಟೈಲರಮ್ಮನಿಗೂ ಹೇಳಿದ್ದಾರೆ. ಆಕೆ ಅಂದರಂತೆ: “ನಾನೂ ಒಬ್ಬರದೇ ಅಳತೆ ಎರಡು ಕಡೆ ಬರ್ಕೊಂಡು, ಎರಡು ಅಂಗಿ ಹೊಲ್ದಿದ್ದೀನಿ ಬಿಡಿ. ನೀವು ಬಂದು ಒಪ್ಕೊಂಡ್ರಿ, ನಾನು ಗಿರಾಕಿ ಮೇಲೇ ರೇಗಿದ್ದೆ.”

ಈಗ ಹೊಸ ರೋಗಿಗೆ ಸಂಖ್ಯೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಲೇಬೇಕೆಂಬ ನಿಯಮ ಬಂದಿದೆ: ಮನೆಯಲ್ಲಿ ಏನೆಂದು ಕರೆಯುತ್ತಾರೆ, ಮನೆ ಯಾವುದರ ಪಕ್ಕ, ಹಿಂದೆ ಇಲ್ಲಿಗೆ ಏಕೆ ಬಂದಿದ್ದಿರಿ. ಬರೆದುಕೊಟ್ಟವರು ಫೈಲಕ್ಕ. ಕಳೆದ ಐದು ತಿಂಗಳಲ್ಲಿ ಹೀಗೆ ಇಬ್ಬರಾಗಿ ಹೋಗಿದ್ದ ನಲವತ್ತೊಂದು ಮಂದಿಯನ್ನು ಮತ್ತೆ ಒಬ್ಬೊಬ್ಬರನ್ನಾಗಿ ಮಾಡಿದ್ದಾರೆ.

ಹತ್ತೂಕಾಲಿಗೆ ಕಿಟಕಿಯ ಸರಳು ಯಾರೋ ಬಡಿಯುತ್ತಾರೆ.

“ಅಕ್ಕಾ, ಲಿಫ್ಟಲ್ಲಿ ಬರ್ಲಿಲ್ಲ. ಮೆಟ್ಟಿಲು ಇಳ್ಕೊಂಡು ಬಂದೆ!” ಟೈಲರಮ್ಮ ಏದುಸಿರು ಬಿಡದೆ ನಿಂತಿದ್ದಾರೆ. ಕೈಯಲ್ಲಿ ಅವರದೇ ಫೈಲು.

ಫೈಲಕ್ಕ ಫೈಲು ಇಸಿದುಕೊಳ್ಳುತ್ತಾರೆ. ಕೊನೆಯ ಹಾಳೆ ತೆಗೆಯುತ್ತಾರೆ. ರಕ್ತದೊತ್ತಡ ನೂರ ಇಪ್ಪತ್ತನಾಲ್ಕು, ಎಪ್ಪತ್ತೆಂಟು. ಪೊಟ್ಯಾಸಿಯಂ ಸರಿಯಿದೆ. ಮಾತ್ರೆ ಎಂಬಲ್ಲಿ, ಇನ್ನು ಬೇಡ ಎಂದು ಒಂದು ಅಡ್ಡಗೆರೆ. ಕೆಳಗೆ ಚಿಕ್ಕ ಡಾಕ್ಟರ ಅಕ್ಷರ: ಒಂದು ವರ್ಷ ಬಿಟ್ಟು ಬಂದರೆ ಸಾಕು.

“ಏನಕ್ಕ, ಓದಕ್ಕೆ ಬರಲ್ವಾ?” ಟೈಲರಮ್ಮ ಕಾಲೆಳೆಯುತ್ತಾರೆ.

“ಕನ್ನಡಕ ಮಂಜಾಗಿದೆ ಇರೇ” ಎನ್ನುತ್ತಾ ಫೈಲಕ್ಕ ಒರೆಸಿಕೊಳ್ಳುತ್ತಾರೆ, ಕನ್ನಡಕವನ್ನಲ್ಲ.

ಆಮೇಲೆ ಸ್ಟೂಲು ಹತ್ತಿ, ಎಲ್ಲಕ್ಕಿಂತ ಮೇಲಿನ, ಯಾರೂ ಬೇಗ ಕೇಳದ ಫೈಲುಗಳ ಹಲಗೆಯಲ್ಲಿ ಅದನ್ನು ಸರಿಸಿ ಇಡುತ್ತಾರೆ. ಕೆಳಗೆ ಇಳಿದು ಕೈ ಕೊಡವಿಕೊಂಡು ಮೇಲೆ ನೋಡುತ್ತಾರೆ.

“ನಂಗೆ ಇನ್ನೇನೂ ಬೇಡ. ಅದರ ಮೇಲೆ ಒಂದು ಗೇಣು ಧೂಳು ಕೂರಬೇಕು.”