ಹನ್ನೆರಡನೇ ಕತೆಯ ಕೊನೆಯ ಪುಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಪೆದ್ದತನ ನನ್ನದೇ. ತೀರಿಕೊಂಡವರ ಹೆಸರಿನಲ್ಲಿ ನಾನೊಂದು ಪುಟ ಬರೆದೆ. ದೆವ್ವದ ಕತೆ ಹೇಳುವವರ ದನಿಯನ್ನೇ ಅಣಕಿಸಿ ಜನರನ್ನು ನಗಿಸುತ್ತಿದ್ದವನು ನಾನು, ಇಂಥದ್ದನ್ನೆಲ್ಲ ನಂಬಿದವನಲ್ಲ. ಈಗ ನೀವು ನಗಬಹುದು.

ಪರ್ತ್‌ನ ವಿಲೆಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು ರೇಮಂಡ್ ಅಂಕಲ್. ಮಂಗಳೂರಿನಿಂದ ಹೊರಟು, ಕುವೈತ್ ಸುತ್ತಿ ಇಲ್ಲಿಗೆ ಬಂದವರು. ಅವರ ಕೆಮ್ಮು, ನಡಿಗೆ, ‘ಎಂತ ಮಾರಾಯ’ ಎಲ್ಲವನ್ನೂ ಅವರೆದುರೇ ಅಣಕಿಸುತ್ತಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹನ್ನೆರಡು ಕನ್ನಡ ಕತೆ ಬರೆದಿಟ್ಟು ಹೋಗಿಬಿಟ್ಟರು. ಅವರು ತೀರಿಕೊಂಡು ವರ್ಷವಾದಾಗ ಚರ್ಚಿನಲ್ಲಿ ಮಾಡಿಸುವ ಪೂಜೆಗೆ ಪುಸ್ತಕ ತರಬೇಕೆಂದು ಅವರ ಹೆಂಡತಿ ಸ್ಟೆಲ್ಲಾ ಆಂಟಿ ಅವನ್ನು ನನಗೆ ಟೈಪ್ ಮಾಡಲು ಕೊಟ್ಟರು. ಕೊನೆಯ ಕತೆಗೆ ಕೊನೆಯ ಪುಟವೇ ಇರಲಿಲ್ಲ. ಅಂಕಲ್ ಧಾಟಿಯಲ್ಲಿ ನಾನೇ ಬರೆದು ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಬರಹದ ಧಾಟಿಯನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್ ಕಟ್ಟುವುದು ಆಗ ನನ್ನ ಓದು. ವಾಕ್ಯದ ಉದ್ದ, ‘ಆದರೆ’, ‘ಅಂತೂ’ಗಳಂಥ ಸಣ್ಣ ಪದಗಳನ್ನು ಅಳೆದು ಅದು ಪ್ರತಿ ಬರಹಕ್ಕೂ ಪರದೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಒಬ್ಬರೇ ಬರೆದದ್ದಾದರೆ ಚುಕ್ಕೆಗಳು ಗುಂಪುಗೂಡುತ್ತವೆ. ಅಂಕಲ್ ಕತೆಗಳಿಗೆ ನೀಲಿ, ನನ್ನ ಹಳೆಯ ಬರಹಗಳಿಗೆ ಕೆಂಪು ಬಣ್ಣ ಕೊಟ್ಟೆ. ನನ್ನ ಕಳ್ಳಪುಟ ಹಾಕಿದರೆ ಅದು ನೇರ ಕೆಂಪು ಗುಂಪಿನೊಳಗೆ ಬಿತ್ತು. ಊರನ್ನೆಲ್ಲ ಅಣಕಿಸುವ ಶೂರನ ಬಣ್ಣ ಬಯಲು!

ಅದೇ ಶನಿವಾರ ಮಧ್ಯಾಹ್ನ ಆಂಟಿ ಓಡಿಬಂದರು. ಅಂಕಲ್‌ರ ಪ್ರಾರ್ಥನೆ ಪುಸ್ತಕದ ಹೊದಿಕೆಯೊಳಗೆ ಕಾಣೆಯಾದ ಪುಟ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಬರೆದದ್ದಿರಬೇಕು, ಅಕ್ಷರಗಳು ನಡುಗಿದ್ದವು. ಅಡಿಲೇಡ್‌ನಲ್ಲಿರುವ ಅವರ ಮಗಳು ಮಾತ್ರ, ಅಪ್ಪನಿಗೆ ಆಗ ಪೆನ್ನು ಹಿಡಿಯಲೂ ಆಗುತ್ತಿರಲಿಲ್ಲ, ಬೇರೆ ಯಾರೋ ಬರೆದಿದ್ದಾರೆ, ಅಚ್ಚು ಹಾಕಿಸಬೇಡ ಎಂದು ಫೋನಿನಲ್ಲಿ ಹಟ ಹಿಡಿದಿದ್ದಳಂತೆ.

“ನಿನ್ನ ಮಿಷಿನ್ ಹೇಳ್ಲಿ ಮಾರಾಯ. ಇದು ಅವರದ್ದೇ ಅಲ್ವಾ?”

ಟೈಪ್ ಮಾಡಿದೆ. ನನ್ನ ಪುಟಕ್ಕೂ ಇದಕ್ಕೂ ಒಂದು ಸಾಲಿನ ಹೋಲಿಕೆಯೂ ಇರಲಿಲ್ಲ. ಆದರೂ ಚುಕ್ಕೆ ನೀಲಿಯ ಕಡೆ ಹೋಗಲಿಲ್ಲ. ಕೆಂಪಿನ ನಡುವೆ, ನನ್ನ ಕಳ್ಳಪುಟದ ಚುಕ್ಕೆಯ ಮೇಲೆಯೇ ಬಂದು ಕೂತಿತು. ಫೈಲು ಅದಲುಬದಲಾಯಿತೇ ಎಂದು ನೋಡಿದೆ. ಇಲ್ಲ. ಮೂರು ಸಲ ಓಡಿಸಿದೆ. ಮತ್ತೆ ಅಲ್ಲೇ. ಆಂಟಿ ಪರದೆಯನ್ನಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದೇ ಪುಟ ಸಾಲದು, ಅಷ್ಟು ಚಿಕ್ಕದಾದರೆ ಲೆಕ್ಕ ತಪ್ಪುತ್ತದೆ ಎಂದು ಬ್ರಿಸ್ಬೇನ್‌ನಲ್ಲಿ ಇದೇ ಕೆಲಸ ಮಾಡುವ ಗೆಳೆಯನೊಬ್ಬ ಆಮೇಲೆ ಹೇಳಿದ. ಇರಬಹುದು. ಆದರೆ ತಪ್ಪಿ ಬೀಳಲು ಇಡೀ ಪರದೆ ಖಾಲಿ ಇತ್ತಲ್ಲ, ನನ್ನ ಚುಕ್ಕೆಯೇ ಯಾಕೆ? ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಮಧ್ಯಾಹ್ನ ಮಾತ್ರ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ, ನನ್ನ ಕಳ್ಳಪುಟವನ್ನೂ, ಈ ಚುಕ್ಕೆಯನ್ನೂ. ಬೈಗುಳಕ್ಕೆ ತಯಾರಾಗಿ ಕೂತೆ. ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಅವರು ಇದ್ದಷ್ಟು ದಿನ ನೀನು ಅವರ ನಕಲು ಮಾಡಿದ್ದಲ್ವಾ? ಒಂದು ಪುಟ ಅವರು ನಿನ್ನ ನಕಲು ಮಾಡಿದ್ರೆ ನಿಂಗೆ ಎಂತ ಕಷ್ಟ? ನಿನ್ನದು ತೆಗಿ, ಅವರದ್ದು ಹಾಕು.”